ಗಟ್ಟಿ ಹೊಲಿಗೆ, ನುಣುಪು ಅಂಚು: ನಾಯಿಯ ಕೊರಳಪಟ್ಟಿಯ ಕಸುಬು

ನಾಯಿಯ ಕೊರಳಪಟ್ಟಿ ನಟ್ಟನಡುವೆ ಹರಿಯುವುದು ಅಪರೂಪ. ಅದು ಹರಿಯುವುದು ಬಕಲಿಗೆ ಸುತ್ತಿ ಮಡಚಿದ ಕಡೆ, ಸರಪಳಿ ಸಿಕ್ಕಿಸುವ ಬಳೆಯನ್ನು ಹಿಡಿದಿಟ್ಟ ಹೊಲಿಗೆಯ ಕಡೆ, ಇಲ್ಲವೇ ದಿನವೂ ಬಕಲಿನ ಕಡ್ಡಿ ಕೂರುವ ಆ ಒಂದು ತೂತಿನ ಕಡೆ. ಉಳಿದ ಭಾಗ ಹೊಸದಾಗಿಯೇ ಕಾಣುತ್ತಿರುತ್ತದೆ. ರಸ್ತೆಯಾಚೆ ಬೆಕ್ಕು ಕಂಡು ಇಪ್ಪತ್ತೈದು ಕಿಲೋ ತೂಕದ ನಾಯಿ ಜಿಗಿದರೆ ಅಷ್ಟೂ ಎಳೆತ ಬಂದು ಬೀಳುವುದು ಈ ಮೂರು ಜಾಗಗಳ ಮೇಲೆ. ನಡುವೆ ಬಸ್ಸು, ಲಾರಿ ಓಡಾಡುವ ರಸ್ತೆ. ಆಗ ನಾಯಿಯ ಜೀವ ಉಳಿಯುವುದು ನಾಲ್ಕಾರು ಹೊಲಿಗೆಗಳಿಂದ.

ಕೈಯಿಂದ ಚರ್ಮದ ಪಟ್ಟಿ ಮಾಡುವವರ ಶ್ರಮದ ಬಹುಪಾಲು ಈ ಮೂರು ಜಾಗಗಳಿಗೇ ಸಲ್ಲುತ್ತದೆ. ಕೊಳ್ಳುವವರ ಕಣ್ಣು ಮಾತ್ರ ಬಣ್ಣದ ಮೇಲೆ, ಹೊಳೆಯುವ ಗುಂಡಿಗಳ ಮೇಲೆ, ನಾಯಿಯ ಹೆಸರು ಕೊರೆದ ತಗಡಿನ ಮೇಲೆ ಇರುತ್ತದೆ. ಚಂದದ್ದು ಬೇಕೆನ್ನುವುದು ತಪ್ಪಲ್ಲ; ಮನೆಯ ಪ್ರಾಣಿಯನ್ನು ಸಿಂಗರಿಸುವ ಆಸೆ ಬಹಳ ಹಳೆಯದು. ಆದರೆ ಈ ಕಸುಬಿನಲ್ಲಿ ಚಂದ ಬೇರೆ, ಗಟ್ಟಿತನ ಬೇರೆ ಅಲ್ಲ. ಪಟ್ಟಿಯನ್ನು ಬಾಳಿಕೆ ಬರುವಂತೆ ಮಾಡುವ ಕೆಲಸಗಳೇ ಅದಕ್ಕೆ ರೂಪವನ್ನೂ ಕೊಡುತ್ತವೆ. ಅಂಥ ಕೆಲಸ ಬಲ್ಲ ಕೈಗಳು ನಮ್ಮ ನಾಡಿನಲ್ಲೇ ಇವೆ. ಅವುಗಳ ಕಡೆಗೆ ನಾವು ತಿರುಗಿ ನೋಡುವುದು ಕಡಿಮೆ.

ಮೊದಲು ಚರ್ಮದ ಮಾತು. ಹಸಿ ತೊಗಲಿನಲ್ಲಿರುವುದು ಮುಖ್ಯವಾಗಿ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು. ತೆಂಗಿನ ನಾರಿನ ಹಾಸಿನಂತೆ ಅವು ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುತ್ತವೆ. ಹಾಗೇ ಬಿಟ್ಟರೆ ತೊಗಲು ಕೊಳೆಯುತ್ತದೆ, ಒಣಗಿಸಿದರೆ ಸೆಟೆದು ಬಿರುಸಾಗುತ್ತದೆ. ಹದ ಮಾಡಿದಾಗ ಆ ಎಳೆಗಳಿಗೆ ಬೇರೊಂದು ವಸ್ತು ಅಂಟಿ ಕೂತು, ಕೊಳೆಸುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ತಿನ್ನಲು ಏನೂ ಸಿಗದಂತಾಗುತ್ತದೆ. ಮರದ ತೊಗಟೆ, ಕಾಯಿ, ಎಲೆಗಳಲ್ಲಿರುವ ಟ್ಯಾನಿನ್ ಎಂಬ ಒಗರು ಈ ಕೆಲಸ ಮಾಡಬಲ್ಲದು. ಎಳೆ ಅಡಿಕೆ ಅಗಿದಾಗ ಬಾಯಿ ಒಗರಾಗುವುದೂ ಇದರಿಂದಲೇ. ನಮ್ಮ ಸೀಮೆಯಲ್ಲಿ ಇದಕ್ಕೆ ಒದಗಿದ್ದು ಕರಿಜಾಲಿಯ ತೊಗಟೆ, ಅಳಲೆಕಾಯಿ, ಬಯಲುಸೀಮೆಯ ಬೇಲಿಗಳಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆ.

ಬೆಳಗಾವಿ, ಬಾಗಲಕೋಟೆ, ಕೊಲ್ಹಾಪುರದ ಕಡೆಯ ಹಳೆಯ ವಿಧಾನ ನೋಡುವಂಥದ್ದು. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನೇ ಚೀಲವಾಗಿ ಹೊಲಿದು ತೂಗುಹಾಕುತ್ತಾರೆ. ಒಳಗೆ ಜಾಲಿ ತೊಗಟೆ, ಅಳಲೆಕಾಯಿಯ ಕಷಾಯ ತುಂಬುತ್ತಾರೆ. ಕಷಾಯ ತೊಗಲಿನ ಮೂಲಕ ಜಿನುಗಿ ಕೆಳಗಿನ ಪಾತ್ರೆಗೆ ಇಳಿಯುತ್ತದೆ, ಅದನ್ನೇ ಮತ್ತೆ ಮೇಲಿಂದ ಹೊಯ್ಯುತ್ತಾರೆ. ಆಮೇಲೆ ಚೀಲವನ್ನು ತಲೆಕೆಳಗು ಮಾಡಿ ಇನ್ನೊಂದು ತುದಿಯನ್ನೂ ಹದಕ್ಕೆ ತರುತ್ತಾರೆ. ಕೊಲ್ಹಾಪುರಿ ಚಪ್ಪಲಿಗಳಿಗೆ ಆ ಗಡಸುತನ ಬಂದದ್ದು ಇಂಥ ಚರ್ಮದಿಂದ.

ಇದಕ್ಕೆ ವಾರಗಟ್ಟಲೆ ಸಮಯ ಬೇಕು. 1884ರಲ್ಲಿ ಅಮೆರಿಕದ ಆಗಸ್ಟಸ್ ಶುಲ್ಟ್ಜ್ ಕ್ರೋಮಿಯಂ ಲವಣಗಳಿಂದ ಹದ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ವಾರಗಳ ಕೆಲಸ ಒಂದೆರಡು ದಿನಕ್ಕೆ ಇಳಿಯಿತು, ಇವತ್ತು ಲೋಕದ ಬಹುಪಾಲು ಚರ್ಮ ಕ್ರೋಮಿನದೇ. ಅದು ಮೆತ್ತಗಿರುತ್ತದೆ, ನೀರಿಗೆ ಜಗ್ಗದು, ಬೂಟಿನ ಮೇಲ್ಭಾಗಕ್ಕೆ, ಬ್ಯಾಗು, ಜಾಕೆಟ್ಟುಗಳಿಗೆ ಚೆನ್ನಾಗಿ ಒಪ್ಪುತ್ತದೆ. ಕೊರಳಪಟ್ಟಿಗೆ ಮಾತ್ರ ಅಷ್ಟಾಗಿ ಒಗ್ಗದು. ಎಳೆದರೆ ಹಿಗ್ಗುತ್ತದೆ, ತೂತುಗಳು ಉದ್ದವಾಗುತ್ತವೆ, ಅಂಚನ್ನು ಎಷ್ಟು ಉಜ್ಜಿದರೂ ಮಿನುಗು ಬರುವುದಿಲ್ಲ, ಉಳಿ ಒತ್ತಿದ ಗುರುತು ನಿಲ್ಲುವುದಿಲ್ಲ. ತೊಗಟೆಯಲ್ಲಿ ಹದವಾದ ಚರ್ಮಕ್ಕೆ ಬಿಗುವಿದೆ. ಒದ್ದೆ ಮಾಡಿ ಒತ್ತಿದ ಆಕಾರವನ್ನು ಅದು ಬಿಟ್ಟುಕೊಡುವುದಿಲ್ಲ. ಕೆಲವು ತಿಂಗಳಲ್ಲಿ ಪಟ್ಟಿ ಆ ನಾಯಿಯ ಕೊರಳಿನ ಬಾಗನ್ನೇ ಕಲಿತುಬಿಡುತ್ತದೆ, ಬಣ್ಣವೂ ಜೇನಿನಿಂದ ಕಂದಿಗೆ ತಿರುಗುತ್ತದೆ.

ಎರಡನ್ನೂ ಗುರುತಿಸಲು ಕತ್ತರಿಸಿದ ಅಂಚನ್ನು ನೋಡಬೇಕು. ತೊಗಟೆಯ ಚರ್ಮ ಒಳಗೂ ಹೊರಗೂ ಕಂದು. ಕ್ರೋಮಿನ ಚರ್ಮದ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಬೂದು ನೀಲಿ ಛಾಯೆ ಕಾಣುತ್ತದೆ. ಬಣ್ಣ ಬಳಿಯದ ತೊಗಟೆಯ ಚರ್ಮದ ಮೇಲೆ ಒಂದು ಹನಿ ನೀರು ಬಿಟ್ಟರೆ ಅದು ಹೀರಿಕೊಂಡು ಅಲ್ಲೇ ಕಪ್ಪಾಗುತ್ತದೆ. ಮೂಸಿದರೆ ಕಟ್ಟಿಗೆಯ ವಾಸನೆ. ಇವೆರಡಕ್ಕಿಂತ ಅಪಾಯದ್ದು ಮೂರನೆಯದು: ಚರ್ಮದ ಚೂರುಪಾರು ಅರೆದು, ಅಂಟು ಬೆರೆಸಿ ಹಾಳೆ ಮಾಡಿ, ಮೇಲೆ ಪ್ಲಾಸ್ಟಿಕ್ ಲೇಪ ಕೊಟ್ಟ ಸರಕು. ಅದಕ್ಕೂ ಚರ್ಮ ಎಂದೇ ಹೆಸರು. ಒಂದೆರಡು ಬಾರಿ ಬಲವಾಗಿ ಮಡಚಿ ನೋಡಿ, ಮೇಲ್ಮೈ ಬಿರುಕು ಬಿಟ್ಟು ಸಿಪ್ಪೆ ಏಳುವಂತಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಒಳ್ಳೆಯ ತೊಗಲಿನಲ್ಲೂ ಎಲ್ಲ ಭಾಗ ಒಂದೇ ಅಲ್ಲ. ಬೆನ್ನಿನ ಎರಡೂ ಬದಿಯ, ಸೊಂಟದ ಕಡೆಯ ಚರ್ಮ ದಟ್ಟ. ಹೊಟ್ಟೆಯ ಕಡೆಯದು ಸಡಿಲ. ದನ ಮೇದು ಹೊಟ್ಟೆ ಉಬ್ಬಿಸಿ ಇಳಿಸಿದ ಜಾಗ ಅದು, ಹಿಗ್ಗುವುದೇ ಅದರ ಗುಣ. ಪಟ್ಟಿಯನ್ನು ಬೆನ್ನಿನ ಭಾಗದಿಂದ, ಬೆನ್ನೆಲುಬಿನ ಉದ್ದಕ್ಕೆ ಸಮನಾಗಿ ಕತ್ತರಿಸಬೇಕು. ಆ ದಿಕ್ಕಿನಲ್ಲಿ ಚರ್ಮ ಹಿಗ್ಗುವುದು ಕಡಿಮೆ. ದೊಡ್ಡ ನಾಯಿಗೆ 3.5ರಿಂದ 4 ಮಿಲಿಮೀಟರ್ ದಪ್ಪ, ಸಣ್ಣದಕ್ಕೆ 2ರಿಂದ 2.5 ಮಿಲಿಮೀಟರ್ ಸಾಕು. ಅದಕ್ಕಿಂತ ದಪ್ಪವಾದರೆ ಬಲಕ್ಕಿಂತ ಭಾರವೇ ಹೆಚ್ಚುತ್ತದೆ, ಪಟ್ಟಿ ಕೊರಳಿಗೆ ಬಾಗದೆ ಒತ್ತುತ್ತದೆ. ಹೊಟ್ಟೆ ಭಾಗದ ಚರ್ಮದಲ್ಲಿ ಪಟ್ಟಿ ಮಾಡಿ ಅಗ್ಗಕ್ಕೆ ಮಾರುವವರು ನಾಯಿಯ ಜೀವದ ಜೊತೆ ಆಟವಾಡುತ್ತಾರೆ ಎಂದೇ ಹೇಳುತ್ತೇನೆ.

ಅಗಲದ ಲೆಕ್ಕ ಸುಲಭ. ಎಳೆಯುವ ಬಲ ಅಷ್ಟೇ ಇದ್ದರೂ 2 ಸೆಂಟಿಮೀಟರ್ ಅಗಲದ ಪಟ್ಟಿಯ ಬದಲು 4 ಸೆಂಟಿಮೀಟರಿನದು ಹಾಕಿದರೆ ಕೊರಳಿನ ಮೇಲಿನ ಒತ್ತಡ ಅರ್ಧಕ್ಕಿಳಿಯುತ್ತದೆ. ಆದರೆ ಕೊರಳಿನ ಉದ್ದವೂ ಅದಕ್ಕೆ ಒಪ್ಪಬೇಕು. ಗಿಡ್ಡ ಕೊರಳಿನ ನಾಯಿಗೆ ಅಗಲ ಪಟ್ಟಿ ಕಟ್ಟಿದರೆ ಅದು ತಲೆ ತಗ್ಗಿಸಿ ನೆಲ ಮೂಸಲಾರದು.

ಇಲ್ಲಿ ನಮ್ಮ ಮುಧೋಳ ನಾಯಿಯ ಮಾತು ಬರಲೇಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳದ ಈ ಬೇಟೆ ನಾಯಿಯನ್ನು ಅಲ್ಲಿನ ಘೋರ್ಪಡೆ ಅರಸರು ಸಾಕಿ ಬೆಳೆಸಿದರು. ಅವರಲ್ಲಿ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ಐದನೇ ಜಾರ್ಜ್‌ಗೆ ಒಂದು ಜೋಡಿಯನ್ನು ಉಡುಗೊರೆ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಅಂಚೆಚೀಟಿ ತಂದಿತು. ಮುಂದೆ ಸೇನೆಯೂ ಈ ನಾಯಿಗಳನ್ನು ತರಬೇತಿಗೆ ತೆಗೆದುಕೊಂಡಿತು. ಇಷ್ಟು ಹೆಸರು ಮಾಡಿದ ನಾಯಿಗೆ ಅಂಗಡಿಯ ಸಿದ್ಧ ಪಟ್ಟಿ ಸರಿಹೊಂದುವುದು ಕಷ್ಟ. ಉದ್ದವಾದ ಕಿರಿದಾದ ತಲೆ, ಅದಕ್ಕಿಂತ ಕಡಿಮೆಯಿಲ್ಲದ ದಪ್ಪದ, ನೀಳವಾದ, ಮಾಂಸಖಂಡ ತುಂಬಿದ ಕೊರಳು. ಸಾಮಾನ್ಯ ಪಟ್ಟಿ ಕಟ್ಟಿದರೆ ನಾಯಿ ಹಿಂದಕ್ಕೆ ಜಗ್ಗಿದ ಕೂಡಲೇ ಪಟ್ಟಿ ಕಿವಿ ದಾಟಿ ಹೊರಗೆ. ಜಾರದಿರಲೆಂದು ಬಿಗಿ ಮಾಡಿದರೆ ಉಸಿರಿಗೆ ತೊಂದರೆ. ಮೇಲಾಗಿ ಈ ಜಾತಿಯ ನಾಯಿಗಳ ಚರ್ಮ ತೆಳು, ಕೂದಲು ಗಿಡ್ಡ. ಪಟ್ಟಿಯ ಹರಿತ ಅಂಚು ನೇರವಾಗಿ ತಾಗುತ್ತದೆ.

ಇದಕ್ಕೆ ಲೋಕದ ಬೇರೆ ಬೇಟೆ ನಾಯಿಗಳನ್ನು, ಗ್ರೇಹೌಂಡ್, ಸಲೂಕಿಗಳನ್ನು ಸಾಕಿದವರು ಪರಿಹಾರ ಕಂಡುಕೊಂಡಿದ್ದಾರೆ. ಗಂಟಲಿನ ಕಡೆ ಎರಡು ಇಂಚಿನಷ್ಟು ಅಗಲ, ಬಕಲಿನ ಕಡೆಗೆ ಹೋಗುತ್ತಾ ಕಿರಿದು, ಒಳಗೆ ಮೆತ್ತನೆ ಚರ್ಮದ ಅಸ್ತರು. ಪಟ್ಟಿಯನ್ನು ಕೊರಳಿನ ಬುಡದಲ್ಲಲ್ಲ, ಕಿವಿಯ ಹಿಂದೆ ಕೊರಳು ಕಿರಿದಾಗಿರುವ ಕಡೆ ಕೂರಿಸುತ್ತಾರೆ. ಇನ್ನೊಂದು ಬಗೆ ಮಾರ್ಟಿಂಗೇಲ್. ದೊಡ್ಡ ಪಟ್ಟಿಯ ಎರಡು ತುದಿಯ ಬಳೆಗಳ ಮೂಲಕ ಇನ್ನೊಂದು ಚಿಕ್ಕ ಕುಣಿಕೆ ಹಾಯುತ್ತದೆ. ನಾಯಿ ಜಗ್ಗಿದಾಗ ಮಾತ್ರ ಅದು ತಲೆ ಜಾರದಷ್ಟು ಬಿಗಿಯಾಗಿ, ಅಲ್ಲಿಗೇ ನಿಲ್ಲುತ್ತದೆ. ಕೊರಳು ಹಿಸುಕದಂತೆ ಅಳತೆ ಇಟ್ಟಿರುತ್ತಾರೆ. ಮುಧೋಳಕ್ಕೂ ಚರ್ಮದ ಕೆಲಸಕ್ಕೆ ಹೆಸರಾದ ಅಥಣಿಗೂ ಹೆಚ್ಚು ದೂರವಿಲ್ಲ. ಮುಧೋಳ ನಾಯಿಯ ಕೊರಳಿಗೆಂದೇ ಅಳೆದು, ಅಥಣಿಯ ಕೈಗಳು ಹೊಲಿದ ಪಟ್ಟಿ ಒಂದು ಗುರುತಾಗಿ ಬೆಳೆಯಬಾರದೇಕೆ ಎಂದು ನನಗೆ ಮತ್ತೆ ಮತ್ತೆ ಅನ್ನಿಸುತ್ತದೆ.

ಅಳತೆ ತೆಗೆಯುವಾಗ ಟೇಪು ಕೊರಳಿನ ಸುತ್ತ ಬಂದ ಮೇಲೆ ಅದರಡಿ ಎರಡು ಬೆರಳು ಸಲೀಸಾಗಿ ತೂರಬೇಕು. ಬಕಲಿನಿಂದ ನಡುವಿನ ತೂತಿಗೆ ಇರುವ ದೂರ ಆ ಅಳತೆ. ತೂತುಗಳು ಐದೋ ಏಳೋ ಇದ್ದರೆ ಆ ಕಡೆ ಈ ಕಡೆ ಸಮನಾಗಿ ಉಳಿಯುತ್ತವೆ; ಚಳಿಗಾಲಕ್ಕೆ ಕೂದಲು ದಟ್ಟವಾಗುವ ನಾಯಿಗೆ ಒಂದು ತೂತು ಸಡಿಲ, ಬೇಸಿಗೆಗೆ ಒಂದು ಬಿಗಿ. ತೂತುಗಳನ್ನು ದುಂಡು ಪಂಚಿನಿಂದ ಒಂದೇ ಏಟಿಗೆ ಸ್ವಚ್ಛವಾಗಿ ತೆಗೆಯಬೇಕು. ಮೊಳೆಯಿಂದ ಚುಚ್ಚಿ ಅಗಲಿಸಿದ ತೂತಿನ ಅಂಚಿನಲ್ಲಿ ಕಣ್ಣಿಗೆ ಕಾಣದ ಸೀಳುಗಳಿರುತ್ತವೆ, ಹರಿಯುವುದು ಅಲ್ಲಿಂದಲೇ ಶುರು. ಬಕಲಿನ ಕಡ್ಡಿ ಹೊರಬರುವ ಉದ್ದ ಕಂಡಿಗೂ ಇದೇ ನಿಯಮ. ಮೊದಲು ಎರಡು ದುಂಡು ತೂತು ಹೊಡೆದು, ಆಮೇಲೆ ಅವುಗಳ ನಡುವಿನ ಚರ್ಮವನ್ನು ಕೊಯ್ದು ತೆಗೆಯುತ್ತಾರೆ. ಚೂಪು ಮೂಲೆಯ ಕಂಡಿ ಸೀಳುತ್ತದೆ, ದುಂಡು ತುದಿಯ ಕಂಡಿ ತಡೆಯುತ್ತದೆ. ಬಾಗಿಲ ಚೌಕಟ್ಟಿನ ಮೂಲೆಯಿಂದ ಗೋಡೆ ಬಿರುಕು ಬಿಡುವುದಕ್ಕೂ ಕಾರಣ ಇದೇ: ಚೂಪು ಮೂಲೆಯಲ್ಲಿ ಎಳೆತ ಒಟ್ಟುಗೂಡುತ್ತದೆ.

ಬಕಲಿಗೆ ಸುತ್ತಿ ಮಡಚುವ ತುದಿಯನ್ನು ರಂಪಿಗೆಯಿಂದ, ಅಂದರೆ ಚರ್ಮ ಹೆರೆಯುವ ಕತ್ತಿಯಿಂದ, ಒಳಬದಿಯಲ್ಲಿ ಹೆರೆದು ತೆಳುಮಾಡುತ್ತಾರೆ. ಹೆರೆಯದಿದ್ದರೆ ಆ ಜಾಗ ಗಂಟುಕಟ್ಟಿದಂತೆ ಉಬ್ಬಿ ಕೊರಳಿಗೆ ಒತ್ತುತ್ತದೆ. ಹೆಚ್ಚು ಹೆರೆದರೆ ಅತಿ ಹೆಚ್ಚು ಎಳೆತ ಬೀಳುವ ಜಾಗವೇ ಬಡವಾಗುತ್ತದೆ. ಎಲ್ಲಿಯವರೆಗೆ ಹೆರೆಯಬೇಕೆಂದು ಪುಸ್ತಕ ಓದಿ ತಿಳಿಯುವುದಿಲ್ಲ. ಬ್ಲೇಡಿನಡಿ ಚರ್ಮ ಹೇಗೆ ಸುರುಳಿ ಏಳುತ್ತದೆಂದು ನೋಡುತ್ತಾ ಕೈ ತಾನೇ ಕಲಿಯಬೇಕು. ಸರಪಳಿಯ ಬಳೆ, ಅಂದರೆ ಅಂಗಡಿಯವರ ಡಿ-ರಿಂಗ್, ಬಕಲಿನ ಪಕ್ಕದಲ್ಲೇ ಎರಡು ಪದರಗಳ ನಡುವೆ ಕೂರುತ್ತದೆ. ಅದರ ಎರಡೂ ಬದಿಗೆ ಅಡ್ಡ ಹೊಲಿಗೆ ಬೀಳುತ್ತದೆ.

ಹೊಲಿಗೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಕೈಕೆಲಸದ ಪಟ್ಟಿಗೂ ಕಾರ್ಖಾನೆಯದಕ್ಕೂ ನಿಜವಾದ ವ್ಯತ್ಯಾಸ ಇರುವುದು ಅಲ್ಲಿ. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ ಮೇಲೆ, ಕೆಳಗಿನದು ಕೆಳಗೆ. ಎರಡೂ ಚರ್ಮದ ನಡುವೆ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ನಿಲ್ಲುತ್ತವೆ. ಒಂದು ದಾರ ಸವೆದು ತುಂಡಾದರೆ ಇನ್ನೊಂದಕ್ಕೆ ಹಿಡಿತವಿಲ್ಲ, ಎಳೆದಂತೆಲ್ಲ ಬಿಚ್ಚುತ್ತಾ ಹೋಗುತ್ತದೆ. ಕುದುರೆಯ ಜೀನು ಹೊಲಿಯುವವರು ಬಳಸುತ್ತಾ ಬಂದ ಕೈಹೊಲಿಗೆ ಬೇರೆ. ಒಂದೇ ಉದ್ದ ದಾರ, ಅದರ ಎರಡು ತುದಿಗೆ ಎರಡು ಮೊಂಡು ಸೂಜಿ. ಕೈಯುಳಿಯಿಂದ ಓರೆಯಾಗಿ ತೂತು ಮಾಡಿ, ಎಡಗೈಯ ಸೂಜಿಯನ್ನು ಆ ಕಡೆಯಿಂದ, ಬಲಗೈಯದನ್ನು ಈ ಕಡೆಯಿಂದ ಒಂದೇ ತೂತಿನಲ್ಲಿ ದಾಟಿಸಿ, ಎರಡನ್ನೂ ಒಂದೇ ಬಿಗುವಿನಲ್ಲಿ ಜಗ್ಗಬೇಕು. ಹೀಗೆ ಪ್ರತಿ ತೂತಿನಲ್ಲೂ ಎರಡು ದಾರ ಹಾಯುತ್ತವೆ. ನೆಲಕ್ಕೆ ಉಜ್ಜಿ ಒಂದು ಕಡೆ ದಾರ ಹರಿದರೂ ಇನ್ನೊಂದು ತನ್ನ ಪಾಡಿಗೆ ಹಿಡಿದೇ ಇರುತ್ತದೆ.

ದಾರ ನಾರಿನದಾಗಲಿ ಪಾಲಿಯೆಸ್ಟರಿನದಾಗಲಿ, ಜೇನುಮೇಣ ತೀಡಿ ಬಳಸುತ್ತಾರೆ. ಮೇಣ ದಾರವನ್ನು ನೀರಿನಿಂದ ಕಾಯುತ್ತದೆ, ಬಿಗಿದ ಹೊಲಿಗೆ ಸಡಿಲವಾಗದಂತೆ ತೂತಿನೊಳಗೆ ಕಚ್ಚಿ ನಿಲ್ಲಿಸುತ್ತದೆ. ಇಂಚಿಗೆ ಆರರಿಂದ ಎಂಟು ಹೊಲಿಗೆ ಸಾಕು. ಹೆಚ್ಚು ಹೊಲಿಗೆ ಹೆಚ್ಚು ಗಟ್ಟಿ ಎಂದುಕೊಳ್ಳುವವರಿದ್ದಾರೆ. ಹಾಗಲ್ಲ, ತೂತುಗಳು ತೀರ ಹತ್ತಿರವಾದರೆ ಅಂಚೆಚೀಟಿಯ ಹಾಳೆಯ ಹಾಗೆ ಆ ಸಾಲಿನಗುಂಟವೇ ಚರ್ಮ ಹರಿಯುತ್ತದೆ. ಕೊನೆಗೆ ಎರಡು ಮೂರು ಹೊಲಿಗೆ ಹಿಂದಕ್ಕೆ ಬಂದು ಮುಗಿಸುತ್ತಾರೆ. ಕೈಯುಳಿಯ ಓರೆ ಪ್ರತಿ ಸಲ ಒಂದೇ ಇದ್ದರೆ, ಯಾವ ಸೂಜಿ ಮೊದಲು ಎಂಬ ಕ್ರಮ ತಪ್ಪದಿದ್ದರೆ, ಹೊಲಿಗೆಯ ಸಾಲು ಒಂದೇ ದಿಕ್ಕಿಗೆ ಓರೆಯಾಗಿ ಮಲಗುತ್ತದೆ. ನೋಡಿದ ಕೂಡಲೇ ಕಣ್ಣು ತಂಪಾಗುವ ಆ ಸಾಲು ಅಲಂಕಾರಕ್ಕೆಂದು ಹುಟ್ಟಿದ್ದಲ್ಲ. ಎಲ್ಲ ಹೊಲಿಗೆಗೂ ಎಳೆತ ಸಮನಾಗಿ ಹಂಚಿದೆ ಎಂಬುದಕ್ಕೆ ಅದು ಸಾಕ್ಷಿ.

ರಿವೆಟ್ ಹೊಡೆದ ಪಟ್ಟಿಗಳೂ ಇವೆ. ತಾಮ್ರದ ಗಟ್ಟಿ ರಿವೆಟ್ಟಿಗೆ ವಾಷರ್ ಕೂರಿಸಿ ಸುತ್ತಿಗೆಯಿಂದ ತಟ್ಟಿ ಅಗಲಿಸಿದ್ದಾದರೆ ಒಳ್ಳೆಯದೇ. ಒತ್ತಿ ಮುಚ್ಚುವ ಟೊಳ್ಳು ರಿವೆಟ್ಟು ಜೋರಾದ ಜಗ್ಗಿಗೆ ಕಿತ್ತುಬರುತ್ತದೆ. ಯಾವ ರಿವೆಟ್ಟಾದರೂ ಹೊಲಿಗೆಯ ಜೊತೆಗಿರಲಿ, ಹೊಲಿಗೆಯ ಬದಲಿಗೆ ಬೇಡ.

ಲೋಹದ ವಿಷಯದಲ್ಲಿ ಮೋಸ ಸುಲಭ. ಹಿತ್ತಾಳೆಯಂತೆ ಹೊಳೆಯುವ ಅಗ್ಗದ ಬಕಲು ಅನೇಕ ಸಲ ಸತುವಿನ ಮಿಶ್ರಲೋಹದ ಮೇಲೆ ಕೊಟ್ಟ ಲೇಪ. ಅದು ಬಾಗುವುದಿಲ್ಲ, ಫಟ್ಟನೆ ಮುರಿಯುತ್ತದೆ. ಎರಕದ ಗಟ್ಟಿ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಕೇಳಿ ತೆಗೆದುಕೊಳ್ಳಬೇಕು. ಮರೆಯಲ್ಲಿ ಒಂದಿಷ್ಟು ಕೆರೆದರೆ ಒಳಗಿನ ಬಣ್ಣ ಸತ್ಯ ಹೇಳುತ್ತದೆ. ಸರಪಳಿಯ ಬಳೆಯ ಬಾಯಿ ಬೆಸುಗೆ ಹಾಕಿ ಮುಚ್ಚಿರಬೇಕು. ತಂತಿಯನ್ನು ಬಾಗಿಸಿ ತುದಿ ಕೂಡಿಸಿ ಬಿಟ್ಟ ಬಳೆ ಎಳೆತಕ್ಕೆ ಬಾಯಿ ಬಿಡುತ್ತದೆ.

ಇನ್ನು ಅಂಚು. ಕತ್ತರಿಸಿದ ಚರ್ಮಕ್ಕೆ ಎರಡು ಹರಿತ ಮೂಲೆಗಳಿರುತ್ತವೆ. ಅವನ್ನು ಸಣ್ಣ ಉಳಿಯಿಂದ ತೆಗೆದು, ಉಪ್ಪುಕಾಗದ ಹಾಕಿ, ನೀರು ಸವರಿ, ಗಟ್ಟಿಮರದ ತುಂಡಿನಿಂದ ಜೋರಾಗಿ ಉಜ್ಜಿದರೆ ಎಳೆಗಳು ಬಿಸಿಗೆ ಒಂದಕ್ಕೊಂದು ಒತ್ತಿಕೊಂಡು ಅಂಚು ಗಾಜಿನ ನುಣುಪು ಪಡೆಯುತ್ತದೆ. ಮೇಲೆ ಜೇನುಮೇಣ ತೀಡುತ್ತಾರೆ. ಆಗ ನೀರು ಅಂಚಿನಿಂದ ಒಳಗೆ ಇಳಿಯುವುದಿಲ್ಲ, ಪದರ ಬಿಡುವುದಿಲ್ಲ, ನಾಯಿಯ ಕೂದಲು ಉಜ್ಜಿ ಉದುರುವುದಿಲ್ಲ. ಕೆತ್ತನೆ ತುಂಬಿ ಅಂಚು ಒರಟು ಬಿಟ್ಟ ಪಟ್ಟಿಗಿಂತ, ಏನೂ ಕೆತ್ತದೆ ಅಂಚು ತೀಡಿದ ಪಟ್ಟಿ ನನ್ನ ಕಣ್ಣಿಗೆ ಎಷ್ಟೋ ಪಾಲು ಚಂದ.

ಕೆತ್ತಬಾರದೆಂದಲ್ಲ. ಚರ್ಮವನ್ನು ಒದ್ದೆ ಮಾಡಿ, ಮೇಲಿನ ನೀರು ಆರಿ ಮೊದಲ ಬಣ್ಣ ಮರಳುವ ಹೊತ್ತಿಗೆ, ಆದರೆ ಮುಟ್ಟಿದರೆ ಇನ್ನೂ ತಣ್ಣಗಿರುವಾಗ, ಬಳ್ಳಿಯನ್ನೋ ಹೆಸರನ್ನೋ ಒತ್ತಿದರೆ ಅದು ಕೊನೆಯವರೆಗೂ ಅಳಿಯದು. ಈ ಆಸೆ ಎಷ್ಟು ಹಳೆಯದೆಂದರೆ, 1899ರಲ್ಲಿ ಈಜಿಪ್ಟಿನ ರಾಜರ ಕಣಿವೆಯಲ್ಲಿ ವಿಕ್ಟರ್ ಲೊರೆ ತೆರೆದ ಮೈಹರ್‌ಪ್ರಿ ಎಂಬ ಶ್ರೀಮಂತನ ಗೋರಿಯಲ್ಲಿ ಎರಡು ಚರ್ಮದ ನಾಯಿಪಟ್ಟಿಗಳು ಸಿಕ್ಕವು. ವಯಸ್ಸು ಸುಮಾರು ಮೂರೂವರೆ ಸಾವಿರ ವರ್ಷ. ಒಂದರ ಮೇಲೆ ಕುದುರೆಗಳ ಚಿತ್ರ, ಇನ್ನೊಂದರ ಮೇಲೆ ಬೇಟೆಯ ದೃಶ್ಯ. ಒಂದರಲ್ಲಿ ನಾಯಿಯ ಹೆಸರೂ ಇದೆ: ತಂತನುಯಿತ್. ಒಡೆಯನ ಜೊತೆ ಹೂಳುವಷ್ಟು ಬೆಲೆಬಾಳುತ್ತಿದ್ದ ಆ ಪಟ್ಟಿಗಳು ಕೈರೋದ ಮ್ಯೂಸಿಯಂ ಸೇರಿದವು. ಇಂಗ್ಲೆಂಡಿನ ಕೆಂಟ್ ಪ್ರಾಂತದ ಲೀಡ್ಸ್ ಕೋಟೆಯಲ್ಲಿ ನಾಯಿಪಟ್ಟಿಗಳದ್ದೇ ಒಂದು ಸಂಗ್ರಹವಿದೆ. ಕರಡಿ, ತೋಳ, ಕಾಡುಹಂದಿಗಳ ಬೇಟೆಗೆ ಹೋಗುತ್ತಿದ್ದ ನಾಯಿಗಳ ಕಬ್ಬಿಣದ ಮುಳ್ಳುಪಟ್ಟಿಗಳು ಅಲ್ಲಿವೆ.

ಕಾಡುಹಂದಿ ಎಂದಾಗ ಕನ್ನಡಿಗರಿಗೆ ಆತಕೂರಿನ ಕಾಳಿ ನೆನಪಾಗಬೇಕು. ಕ್ರಿ.ಶ. 949-50ರ ಅಲ್ಲಿನ ಶಾಸನ ಹೇಳುವಂತೆ, ಚೋಳರ ಮೇಲಿನ ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರ ಎಂಬ ವೀರ ಗಂಗರ ಬೂತುಗನಿಂದ ಮೆಚ್ಚುಗೆಯಾಗಿ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿ ದೊಡ್ಡ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ನಿಲ್ಲಿಸಿದ ವೀರಗಲ್ಲು ಇಂದು ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಹಂದಿಯ ಕೋರೆ, ತೋಳದ ಹಲ್ಲು ಮೊದಲು ಹುಡುಕುವುದು ಕೊರಳನ್ನು. ರೋಮಿನ ವರ್ರೋ ಕ್ರಿ.ಪೂ. ಮೊದಲ ಶತಮಾನದಲ್ಲಿ ಬರೆದ ಬೇಸಾಯದ ಗ್ರಂಥದಲ್ಲಿ ಕುರಿ ಕಾಯುವ ನಾಯಿಗೆ ಹಾಕುವ ಪಟ್ಟಿಯನ್ನು ವಿವರಿಸಿದ್ದಾನೆ: ಗಟ್ಟಿ ಚರ್ಮಕ್ಕೆ ತಲೆಯಿರುವ ಮೊಳೆಗಳನ್ನು ಹೊರಮುಖವಾಗಿ ಬಡಿದು, ಮೊಳೆಯ ತಲೆ ಕೊರಳಿಗೆ ತಾಗದಂತೆ ಒಳಗೆ ಮೆತ್ತನೆ ಚರ್ಮ ಹೊಲಿಯಬೇಕು. ಎರಡು ಸಾವಿರ ವರ್ಷದ ಹಿಂದೆಯೇ ಅಸ್ತರಿನ ಅಗತ್ಯ ತಿಳಿದಿತ್ತು. ಇಂದು ಕೆಲವರು ಮೊಳೆಯನ್ನು ಒಳಮುಖ ಮಾಡಿ, ಎಳೆದರೆ ಚುಚ್ಚುವ ಪಟ್ಟಿಯಿಂದ ನಾಯಿಗೆ ಪಾಠ ಕಲಿಸಹೊರಡುತ್ತಾರೆ. ಜರ್ಮನಿ 2022ರಿಂದ ತರಬೇತಿಯಲ್ಲಿ ಅದರ ಬಳಕೆಯನ್ನು ನಿಷೇಧಿಸಿದೆ. ನಮ್ಮಲ್ಲೂ ಅದು ಅಂಗಡಿಯಲ್ಲಿ ಸಿಗಬಾರದು.

ಎಷ್ಟೇ ಒಳ್ಳೆಯ ಪಟ್ಟಿಯಾದರೂ ಎಲ್ಲ ನಾಯಿಗೂ ಅಲ್ಲ. ಪಗ್‌ನಂಥ ಚಪ್ಪಟೆ ಮೂತಿಯ ತಳಿಗಳಿಗೆ ಉಸಿರಾಟವೇ ಕಷ್ಟ. ಪೊಮೆರೇನಿಯನ್ ತರಹದ ಪುಟ್ಟ ನಾಯಿಗಳಲ್ಲಿ ಶ್ವಾಸನಾಳ ಕುಸಿಯುವ ತೊಂದರೆ ಹೆಚ್ಚು. ಕೊರಳಪಟ್ಟಿ ಹಿಡಿದು ಎಳೆದಾಗ ನಾಯಿಯ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಎದೆಪಟ್ಟಿಯಲ್ಲಿ ಹಾಗಾಗುವುದಿಲ್ಲ ಎಂದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇಂಥ ನಾಯಿಗಳನ್ನು ಹೊರಗೆ ಕರೆದೊಯ್ಯಲು ಎದೆಗೆ ಹಾಕುವ ಪಟ್ಟಿಯೇ ಸರಿ. ಕೊರಳಿನದು ಹೆಸರು, ಫೋನ್ ನಂಬರಿನ ಹಿತ್ತಾಳೆ ತಗಡಿಗೆ ಇರಲಿ. ಮರಿಗಳಿಗೆ ಬೆಲೆಬಾಳುವ ಚರ್ಮದ ಪಟ್ಟಿ ಬೇಡ. ಅವು ವಾರವಾರಕ್ಕೆ ಬೆಳೆಯುತ್ತವೆ, ಬಿಗಿಯಾದದ್ದು ಗಮನಕ್ಕೆ ಬಾರದೆ ಪಟ್ಟಿ ಕೊರಳಿನ ಮಾಂಸಕ್ಕೆ ಇಳಿದ ಪ್ರಕರಣಗಳನ್ನು ಪಶುವೈದ್ಯರು ನೋಡುತ್ತಲೇ ಇರುತ್ತಾರೆ. ಇಡೀ ದಿನ ಕಟ್ಟಿಹಾಕಲು ಗಟ್ಟಿ ಪಟ್ಟಿ ಬೇಕೆಂದು ಕೇಳುವವರೂ ಉಂಟು. ತೀರ ಗಿಡ್ಡ ಅಥವಾ ತೀರ ಭಾರದ ಸರಪಳಿಯಲ್ಲಿ ಪ್ರಾಣಿಯನ್ನು ಮಿತಿಮೀರಿದ ಹೊತ್ತು ಕಟ್ಟಿಹಾಕುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ.

ಆರೈಕೆ ಹೆಚ್ಚಿಲ್ಲ. ಒದ್ದೆಯಾದರೆ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಆರಿಸಬೇಕು. ಒಲೆಯ ಪಕ್ಕ, ಉರಿಬಿಸಿಲಿನಲ್ಲಿ ಇಟ್ಟರೆ ತೊಗಟೆಯ ಚರ್ಮ ಕುಗ್ಗಿ ಬಿರುಸಾಗುತ್ತದೆ. ಉತ್ತರ ಕರ್ನಾಟಕದವರು ಹೊಸ ಚಪ್ಪಲಿಗೆ ಎಣ್ಣೆ ಉಣಿಸುವಂತೆ ಪಟ್ಟಿಗೂ ಆಗಾಗ ತೆಳ್ಳಗೆ ಸವರಬಹುದು. ಸುರಿದರೆ ಚರ್ಮ ಮೆತ್ತಗಾಗಿ ಹಿಗ್ಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಖಂಡಿತ, ರಾತ್ರಿ ಪಟ್ಟಿ ಬಿಚ್ಚಿ ಗಾಳಿಗೆ ತೂಗುಹಾಕಿ. ಬಿಚ್ಚಿದಾಗ ಕೊರಳಿನಲ್ಲಿ ಉಣ್ಣೆ, ಗಾಯ ಇದೆಯೇ ನೋಡಿದಂತೆಯೂ ಆಯಿತು.

ಈ ಕಸುಬಿನ ಜನರ ಬಗ್ಗೆ ಹೇಳದೆ ಚರ್ಮದ ಬಗ್ಗೆ ಮಾತ್ರ ಹೇಳುವುದು ನ್ಯಾಯವಲ್ಲ. ಹೊಲಕ್ಕೆ ನೀರೆತ್ತುವ ಕಪಿಲೆಯ ಬಾನಿ, ಎತ್ತಿನ ಮಿಣಿ, ಬಾರುಕೋಲು, ಜಾತ್ರೆಗೆ ಹೋಗುವ ಹೋರಿಯ ಕೊರಳಿನ ಗೆಜ್ಜೆಪಟ್ಟಿ, ಇವೆಲ್ಲ ಊರಿನ ಬದುಕನ್ನು ನಡೆಸಿದವು. ಮಾಡಿಕೊಟ್ಟ ಸಮಗಾರರನ್ನು, ಢೋರರನ್ನು, ಮಾದಿಗರನ್ನು ಊರು ಹೊರಗಿಟ್ಟಿತು. ಆ ಕಸುಬಿನ ಘನತೆಯನ್ನು ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ಮಾದಾರ ಚೆನ್ನಯ್ಯ ತನ್ನ ವಚನಗಳ ಅಂಕಿತದಲ್ಲೇ ಎತ್ತಿ ಹಿಡಿದಿದ್ದ. ಕೈಯುಳಿ, ಕತ್ತಿ, ಅಡಿಗೂಂಟಗಳು ಆ ಅಂಕಿತದಲ್ಲಿ ಬರುತ್ತವೆ. ಇಂದು ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ ಇದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಮಾದರಿಯ ಚಪ್ಪಲಿಗಳನ್ನು ಮಿಲಾನಿನ ವೇದಿಕೆಯಲ್ಲಿ ತೋರಿಸಿ, ಆಕ್ಷೇಪ ಬಂದ ಮೇಲೆ ಭಾರತದ ಕುಶಲಕರ್ಮಿಗಳಿಂದ ಪ್ರೇರಣೆ ಪಡೆದದ್ದಾಗಿ ಒಪ್ಪಿತು. ಆ ಕೈಗಳ ಬೆಲೆ ಹೊರಗಿನವರಿಗೆ ಗೊತ್ತಾಗಿದೆ.

ಚಪ್ಪಲಿ ಹೊಲಿಯುವವರು ನಾಯಿಪಟ್ಟಿ ಮಾಡಲು ಹೊಸದಾಗಿ ಕಲಿಯಬೇಕಾದದ್ದು ಸ್ವಲ್ಪ: ಎರಡು ಸೂಜಿಯ ಹೊಲಿಗೆ, ಒಳ್ಳೆಯ ಬಕಲಿನ ಆಯ್ಕೆ, ನಾಯಿಯ ಅಳತೆ. ಚರ್ಮ ಗುರುತಿಸುವ ಕಣ್ಣು, ರಂಪಿಗೆಯ ಹಿಡಿತ ಅವರಲ್ಲಿ ಈಗಾಗಲೇ ಇದೆ. ಲಿಡ್ಕರ್‌ನಂಥ ಸರ್ಕಾರಿ ಸಂಸ್ಥೆ ಇದನ್ನು ತರಬೇತಿಯಾಗಿ ಕೈಗೆತ್ತಿಕೊಳ್ಳಬೇಕು. ಕೊಳ್ಳುವವರ ಪಾಲೂ ಇದೆ. ಕೈಹೊಲಿಗೆಯ ಒಂದು ಪಟ್ಟಿ ನುರಿತ ಕೈಗೂ ಅರ್ಧ ದಿನದ ಕೆಲಸ. ನೈಲಾನ್ ಪಟ್ಟಿಯ ಬೆಲೆಗೆ ಅದನ್ನು ಕೇಳಬೇಡಿ. ನಿಮ್ಮ ನಾಯಿಯನ್ನು ಕರೆದುಕೊಂಡು, ಅಥವಾ ಅದರ ಕೊರಳಿನ ಅಳತೆ ಬರೆದುಕೊಂಡು, ಹತ್ತಿರದ ಚರ್ಮದ ಕುಶಲಕರ್ಮಿಯ ಬಳಿ ಹೋಗಿ. ತೊಗಟೆಯಲ್ಲಿ ಹದ ಮಾಡಿದ ಬೆನ್ನಿನ ಚರ್ಮ, ಎರಡು ಸೂಜಿಯ ಹೊಲಿಗೆ, ಗಟ್ಟಿ ಹಿತ್ತಾಳೆಯ ಬಕಲು ಬೇಕೆಂದು ಹೇಳಿ ಮಾಡಿಸಿ, ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.